ಗಿಟಾರ್ ಚುಕ್ಕಿಯ ಪೇಚಾಟ

ಬೇರೆಯವರ ಪುಸ್ತಕವನ್ನ ಕಂಪ್ಯೂಟರಿನಲ್ಲಿ ಕೂರಿಸಿಕೊಡೋ ಕೆಲಸ ಅಂದ್ರೆ ಪೇಚಾಟ ತಪ್ಪಿದ್ದಲ್ಲ ಕಣ್ರೀ. ಒಂದು ಮುಗೀತು ಅಂತ ಉಸಿರು ಬಿಡೋಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್. ಕೆಲಸ ಇನ್ನೂ ಟ್ರಯಲ್ ಮೇಲೆ. ಆಗ ಜಾಲಹಳ್ಳಿಯ ಗಿಟಾರ್ ಮೇಷ್ಟ್ರೊಬ್ಬರು ಕಲಿಯೋರಿಗೊಂದು ಪುಸ್ತಕ ಮಾಡಿಸೋಕೆ ಬಂದ್ರು. ನಮ್ಮ ಯಜಮಾನ್ರು ಅವರ ಎದುರಿಗೇ, "ಇದು ಸರಿಯಾಗಿ ಬಂದ್ರೆ ನೀನು ಪರ್ಮನೆಂಟಮ್ಮ. ಕೆಟ್ರೆ ಬೇರೆ ಕಡೆ ನೋಡ್ಕೋ" ಅಂದ್ಬಿಟ್ರು.

೧. ಕಿಟಕಿ

ಸಂಗೀತ ಬರೆಯೋ ಸಾಫ್ಟ್‌ವೇರಿನಲ್ಲಿ ಗಿಟಾರ್ ಪಾಠದ ಚಿತ್ರ ಹೀಗಿರುತ್ತೆ: ಆರು ತಂತಿಗೆ ಆರು ಉದ್ದಗೆರೆ, ಮೆಟ್ಟುಗಳಿಗೆ ಅಡ್ಡಗೆರೆ, ಬೆರಳು ಒತ್ತೋ ಕಡೆ ದುಂಡು ಚುಕ್ಕಿ. ಮೊದಲ ಪಾಠ ಸಿ ಮೇಜರ್ ಅನ್ನೋ ಸ್ವರಗುಚ್ಛ, ಮೂರೇ ಚುಕ್ಕಿ. ಅದನ್ನ ಮಾಡ್ತಾ ಕೂತಿದ್ದಾಗ ನಮ್ಮ ಶೆಡ್ಡಿನ ಓನರ್ ಗೌಡ್ರು ನೀರಿನ ಮೋಟ್ರು ನೋಡೋಕೆ ಬಂದೋರು ನನ್ನ ಹಿಂದೆ ನಿಂತ್ರು.

"ಏನವ್ವ ಇದು, ಒಸಾ ನಮೂನೆ ಗ್ರಿಲ್ಲಾ?"

"ಅಲ್ಲ ಗೌಡ್ರೇ, ಗಿಟಾರು."

"ಏನಾರ ಆಗ್ಲಿ, ಚಂದಾಗೈತೆ. ಒಂದ್ ಕಾಗ್ದ ತೆಕ್ಕೊಡು."

ಪಾಪ, ಆಸೆ ಪಟ್ರಲ್ಲ ಅಂತ ಪ್ರಿಂಟ್ ತೆಗೆದುಕೊಟ್ಟೆ. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದ್ರೆ, ನಡುಮನೆ ಕಿಟಕಿಗೆ ಆರು ಸರಳು, ಸರಿಯಾದ ಜಾಗದಲ್ಲೇ ಮೂರು ಕಬ್ಬಿಣದ ಗುಂಡು! ಗೌಡ್ರ ಮನೆ ಇವತ್ತಿಗೂ ಸಿ ಮೇಜರಿನಲ್ಲೇ ಇದೆ.

೨. ಇಂಟು

ನುಡಿಸಬಾರದ ತಂತಿಯ ತಲೆ ಮೇಲೆ ಒಂದು ಇಂಟು ಮಾರ್ಕು ಹಾಕ್ತಾರೆ. ಯಜಮಾನ್ರು ಪ್ರೂಫ್ ನೋಡಿ ಹೌಹಾರಿದ್ರು.

"ಇಷ್ಟೊಂದು ತಪ್ಪಾ?"

"ತಪ್ಪಲ್ಲ ಸಾರ್, ಅದು ಚಿಹ್ನೆ."

"ಇಂಟು ಹಾಕಿರೋ ಪುಸ್ತಕ ನಮ್ಮ ಪ್ರೆಸ್ಸಿಂದ ಹೊರಗೆ ಹೋಗಕೂಡದು. ಬದಲಾಯಿಸೋಕೆ ಬರುತ್ತಾ?"

ಬರುತ್ತೆ ಅಂದೆ, ಕೆಟ್ಟೆ. ಪಟ್ಟು ಹಿಡಿದು ಎಲ್ಲಾ ಕಡೆ ರೈಟ್ ಮಾರ್ಕು ಹಾಕಿಸಿದ್ರು. ಮೇಷ್ಟ್ರು ಬಂದು ನೋಡಿ ತಲೆ ಮೇಲೆ ಕೈ ಹೊತ್ರು.

"ನುಡಿಸಬೇಡಿ ಅಂತ ನಾನಂದ್ರೆ, ಭೇಷ್ ನುಡಿಸಿ ಅಂದಿದ್ದೀರಲ್ರೀ!"

ಪುಣ್ಯಕ್ಕೆ ಇನ್ನೂ ಪ್ರೂಫು. ಇಂಟು ವಾಪಸ್ ಬಂತು.

೩. ಬೆರಳು

ಕೊನೆಗೆ ಉಳಿದಿದ್ದು ಚುಕ್ಕಿಯೊಳಗಿನ ಲೇಬಲ್. ಮೇಷ್ಟ್ರು ಒಂದೊಂದು ಚುಕ್ಕಿಗೂ 'ತೋರುಬೆರಳು', 'ಉಂಗುರಬೆರಳು' ಅಂತ ಪೂರ್ತಿ ಬರೆದುಕೊಟ್ಟು ಕ್ರಿಸ್ಮಸ್‌ಗೆ ಊರಿಗೆ ಹೊರಟುಬಿಟ್ಟಿದ್ರು. ಅಷ್ಟುದ್ದ ತುಂಬಿಸಿದ್ರೆ ಚುಕ್ಕಿ ದೋಸೆಯಷ್ಟಾಗುತ್ತೆ. ಅದಕ್ಕೇ ಯಜಮಾನ್ರು, "ಬೆರಳಿಗೊಂದು ನಂಬರ್ ಹಾಕು. ಯಾವ ಬೆರಳಿಗೆ ಯಾವ ನಂಬರ್ ಅಂತ ಮೊದಲ ಪುಟದಲ್ಲಿ ಕೈಚಿತ್ರ ನಾನು ಹಾಕ್ತೀನಿ" ಅಂದ್ರು. ಚುಕ್ಕಿ ನನ್ನ ಪಾಲು, ಕೈ ಅವರ ಪಾಲು.

ಮೇಷ್ಟ್ರು ವಾಪಸ್ ಬರೋಷ್ಟರಲ್ಲಿ ಪುಸ್ತಕ ಅಚ್ಚಾಗಿತ್ತು. ಅವರು ಊರಿಂದ ಬಂದೋರೇ ಗಿಟಾರ್ ಎತ್ತಿಕೊಂಡು ಮೊದಲ ಪಾಠ ತೆಗೆದ್ರು. ಬೆರಳೆಲ್ಲ ಚಕ್ಕುಲಿ ಆಯ್ತು.

"ಯಾರ್ರೀ ನಂಬರ್ ಹಾಕಿದ್ದು? ಇಡೀ ಪ್ರಪಂಚಕ್ಕೆ ತೋರುಬೆರಳು ಒಂದು, ಕಿರುಬೆರಳು ನಾಲ್ಕು. ಇಲ್ಲಿ ಎಲ್ಲಾ ತಿರುಗಾಮುರುಗಾ!"

ನಾನು ಚಿಕ್ಕಂದಿನಿಂದ ತಾಳ ಹಾಕಿದ್ದು, ಹಬ್ಬಕ್ಕೆ ದಿನ ಎಣಿಸಿದ್ದು ಎಲ್ಲಾ ಕಿರುಬೆರಳಿಂದ್ಲೇ. ಅದೇ ಅಭ್ಯಾಸದಲ್ಲಿ ಕಿರುಬೆರಳಿಗೇ ಒಂದು ಕೊಟ್ಟಿದ್ದೆ. ಮುಗೀತು, ಬೇರೆ ಕಡೆ ನೋಡ್ಕೋಬೇಕು ಅಂದ್ಕೊಂಡೆ.

ಯಜಮಾನ್ರು ಮೊದಲ ಪುಟ ತೆಗೆದು ಮುಂದಿಟ್ರು. ಸ್ಕ್ಯಾನರ್ ಮೇಲೆ ತಮ್ಮದೇ ಕೈ ಇಟ್ಟು ಮಾಡಿದ ಚಿತ್ರ. ಕಿರುಬೆರಳಿನ ಮೇಲೆ ದಪ್ಪಕ್ಷರದಲ್ಲಿ ಒಂದು! ಯಾವ ಬೆರಳಿಗೆ ಯಾವ ನಂಬರ್ ಅಂತ ನಾವಿಬ್ಬರೂ ಒಂದು ಮಾತೂ ಆಡಿಕೊಂಡಿರಲಿಲ್ಲ. ಅಬ್ಬಾ, ಹೋದ ಜೀವ ಬಂತು ನನಗೆ.

"ಚುಕ್ಕಿಗೂ ಕೈಗೂ ತಾಳೆ ಆಗುತ್ತಲ್ಲ ಮೇಷ್ಟ್ರೇ. ಇನ್ನೇನ್ ತಪ್ಪು?" ಅಂದ್ರು ಯಜಮಾನ್ರು.

ಮೇಷ್ಟ್ರು ಕೆಂಡವಾದ್ರು. ಕೈ ಮೇಲೆತ್ತಿ ಎಣಿಸೋಕೆ ಶುರು ಮಾಡಿದ್ರು. "ಏನ್ ತಪ್ಪಾ? ಒಂದು, ನನ್ನನ್ನ ಕೇಳ್ಲಿಲ್ಲ. ಎರಡು, ನಂಬರ್ ಹಾಕಿದ್ಮೇಲೆ ಪ್ರೂಫ್ ತೋರಿಸ್ಲಿಲ್ಲ. ಮೂರು..."

ಅಲ್ಲಿಗೆ ನಿಂತುಬಿಟ್ರು. ತಮ್ಮ ಕೈಯನ್ನೇ ನೋಡಿಕೊಂಡ್ರು. ಹೆಬ್ಬೆರಳು ಕಿರುಬೆರಳಿಂದ ಹೊರಟು, ಉಂಗುರಬೆರಳು ದಾಟಿ, ನಡುಬೆರಳ ಮೇಲೆ ಕೂತಿತ್ತು.

"ಮೂರು," ಅಂದ್ರು ಮೆತ್ತಗೆ, "ಈ ಹುಡುಗೀನ ಪರ್ಮನೆಂಟ್ ಮಾಡ್ರೀ."