ಶೇರ್ ಫೋಲ್ಡರಿನ ಪಾಲುದಾರರು

ಜೆರಾಕ್ಸ್ ಮಷೀನು ರಿಪೇರಿ ಮಾಡುವವನ ಹತ್ತಿರ ನಗುವಂಥದ್ದೇನಿರುತ್ತದೆ ಎಂದು ಭಾಳ ಜನ ಕೇಳುತ್ತಾರೆ. ಅವರು ಒಂದು ವಾರ ನನ್ನ ಜೋಡಿ ಬಸ್ಸಿನಲ್ಲಿ ಅಡ್ಡಾಡಬೇಕು. ಇವತ್ತು ಕುಷ್ಟಗಿ, ನಾಳೆ ಗಂಗಾವತಿ, ನಾಡಿದ್ದು ಯಲಬುರ್ಗಾ. ಹೋದಲ್ಲೆಲ್ಲ ಏನಾದರೊಂದು ಆಗೇ ಆಗುತ್ತದೆ. ಮಷೀನಿನ ಕೆಲಸ ಅರ್ಧ ತಾಸು, ಮಿಕ್ಕ ದಿನವೆಲ್ಲ ಅದರ ಸುತ್ತ ನಿಂತವರದು.

ಮೊದಲು ನಾನು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದೆ. ಆಗ ಸುಖವಿತ್ತು. ‘ಕ’ ಒತ್ತಿದರೆ ‘ಕ’ ಬೀಳುತ್ತಿತ್ತು, ಬೀಳದಿದ್ದರೆ ಎರಡು ಹನಿ ಎಣ್ಣೆ ಬಿಡುತ್ತಿದ್ದೆ. ಈಗಿನ ಮಷೀನು ಹಾಗಲ್ಲ. ಕಾಗದದ ಫೋಟೋ ತೆಗೆದು, ತಂತಿಯೊಳಗೆ ಕಳಿಸಿ, ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಕಚೇರಿಯವರೆಲ್ಲ ತಮ್ಮ ತಮ್ಮ ಕುರ್ಚಿಯಿಂದಲೇ ಅದನ್ನು ತೆರೆದು ನೋಡಬಹುದು. ಅದಕ್ಕೇ ಅದು ಶೇರ್ ಫೋಲ್ಡರ್. ಇದನ್ನು ಹೊಂದಿಸಿ ಕೊಡುವುದು ಈಗ ನನ್ನ ಹೊಟ್ಟೆಪಾಡು. ಮಷೀನಿಗೆ ಒಂದು ಸಲ ಹೇಳಿದರೆ ತಿಳಿಯುತ್ತದೆ.

ಆವಕ

ಯಲಬುರ್ಗಾ ಕಡೆಯ ಒಂದು ಕಚೇರಿ. ಯಾವುದು ಅಂತ ಹೇಳುವುದಿಲ್ಲ, ನನಗೆ ಮತ್ತೆ ಅಲ್ಲಿಗೆ ಹೋಗಬೇಕಾಗುತ್ತದೆ. ಬಂದ ಪತ್ರಗಳನ್ನು ತೆಗೆದುಕೊಳ್ಳುವ ಆವಕ ಗುಮಾಸ್ತರು ರಿಟೈರ್ ಆಗಲು ಇನ್ನೊಂದು ವರ್ಷವಿತ್ತು. ಸಿಕ್ಕಾ, ಅಂದರೆ ಕಚೇರಿಯ ಮೊಹರು, ಹೊಡೆಯದ ಕಾಗದವನ್ನು ಅವರು ಮೂವತ್ತು ವರ್ಷದಲ್ಲಿ ಒಂದು ದಿನವೂ ಒಳಗೆ ಬಿಟ್ಟವರಲ್ಲ.

ನಾನು ಮಷೀನಿನ ಮೇಲೆ ಒಂದು ಪತ್ರ ಇಟ್ಟು ಬಟನ್ ಒತ್ತಿದೆ. ಆಚೆ ಕೋಣೆಯಲ್ಲಿದ್ದ ಅವರ ಕಂಪ್ಯೂಟರಿನಲ್ಲಿ ಅದು ಕಾಣಿಸಿತು.

“ಬಂತೇನ್ರಿ?” ಎಂದು ಕೂಗಿದೆ.

“ಬಂತು. ಕಾಗದ ಎಲ್ಲಿ?”

“ಅದ ಕಾಗದ ರೀ, ನಿಮ್ಮ ಮುಂದ ಕಾಣಸ್ತೈತಲ್ಲ.”

“ಇದು ಕಾಗದದ ಫೋಟೋ. ನಾ ಕೇಳಿದ್ದು ಕಾಗದ.”

“ಇದನ್ನ ಕಾಗದ ಅಂತ ತಿಳ್ಕೋರಿ.”

“ನಾ ತಿಳ್ಕೊಂಡ್ರ ಏನಾತು, ಸರಕಾರ ತಿಳ್ಕೋಬೇಕಲ್ಲ.”

ಅವರ ಕೋಣೆಗೇ ಹೋಗಿ, ಮೇಲಿನವರು ಹೊರಡಿಸಿದ್ದ ಆದೇಶ ತೋರಿಸಿದೆ. ಇನ್ನು ಮುಂದೆ ಸ್ಕ್ಯಾನ್ ಪ್ರತಿಯನ್ನೇ ಪತ್ರವೆಂದು ಭಾವಿಸತಕ್ಕದ್ದು ಎಂದಿತ್ತು. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೇ ಸಲ ಓದಿದರು. “ಹಂಗಾರ ಇದು ಕಾಗದನ” ಎಂದು ಖಾನೆ ಎಳೆದು, ಸಿಕ್ಕಾ ತೆಗೆದು, ಮಸಿಗೆ ಒತ್ತಿ, ಧಪ್ ಅಂತ ಕಂಪ್ಯೂಟರಿನ ಗಾಜಿನ ಮೇಲೆ ಹೊಡೆದೇಬಿಟ್ಟರು. ನೇರಳೆ ಬಣ್ಣದ ಗುಂಡನೆಯ ಸಿಕ್ಕಾ. ಆಮೇಲೆ ಆರಲಿ ಅಂತ ಊದಿದರು.

ನಾನು ಒದ್ದೆ ಅರಿವೆ ತರಲು ಓಡಿದೆ. ಬರುವಷ್ಟರಲ್ಲಿ ನನ್ನ ಕೈ ಹಿಡಿದುಕೊಂಡರು. “ಸಿಕ್ಕಾ ಅಳಸಿದ್ರ ನನ್ನ ಪೆನ್ಶನ್ ಹೋಗ್ತೈತ್ರಿ!”

ಅಷ್ಟರಲ್ಲಿ ಯಾರೋ ಎರಡನೇ ಪತ್ರ ಸ್ಕ್ಯಾನ್ ಮಾಡಿದರು. ಮೊದಲಿನದು ಹೋಗಿ ಹೊಸದು ಬಂತು, ಸರಿಯಾಗಿ ಆ ಸಿಕ್ಕಾದ ಕೆಳಗೇ. ಗುಮಾಸ್ತರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮುಖವೆಲ್ಲ ಅರಳಿತು.

“ಛಲೋ ಮಷೀನ್ ತಂದ್ರಿ ನೋಡ್ರಿ. ಇನ್ನ ಬಂದಿದ್ದಕ್ಕೆಲ್ಲ ಇದೊಂದ ಸಿಕ್ಕಾ ಸಾಕು!”

ಗುಟ್ಟು

ಫೋಲ್ಡರಿನೊಳಗೆ ಕಾಗದ ಇಡಬೇಕಾದರೆ ಮಷೀನಿಗೆ ಆ ಕಂಪ್ಯೂಟರಿನ ಪಾಸ್‌ವರ್ಡ್ ಹೇಳಿಕೊಡಬೇಕು. ಕುಷ್ಟಗಿಯಲ್ಲಿ ಒಬ್ಬ ಮೇಡಂ ಪಾಸ್‌ವರ್ಡ್ ವಿಷಯದಲ್ಲಿ ಭಾಳ ಕಟ್ಟುನಿಟ್ಟು. ಕೋಣೆಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿ, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು. ಹೊಡೆದೆ. ತಪ್ಪು ಅಂತ ಬಂತು. ಮತ್ತೆ ಹೇಳಿದರು. ಮತ್ತೆ ತಪ್ಪು.

“ಮೇಡಂ, ಇನ್ನೊಂದ ಸಲ ತಪ್ಪಿದ್ರ ಕಂಪ್ಯೂಟರ್ ಲಾಕ್ ಆಗ್ತೈತ್ರಿ.”

ಅವರು ಕಣ್ಣು ಮುಚ್ಚಿ ನೆನಪಿಸಿಕೊಂಡರು. ಆಗ ಕಿಟಕಿಯ ಹೊರಗಿನ ಬೆಂಚಿನಿಂದ ಒಂದು ದನಿ ಬಂತು.

“ಯವ್ವಾ, ಮೊದಲನೇ ಅಕ್ಷರ ದೊಡ್ಡದು ಹಾಕವಾ. ಕಡೀಕ ಒಂದು ಸೊನ್ನಿ ಐತಿ.”

ನೋಡಿದರೆ ರುಮಾಲು ಸುತ್ತಿದ ಒಬ್ಬ ಅಜ್ಜ. ತನ್ನ ಹೊಲದ ಕಾಗದಕ್ಕಾಗಿ ಎಂಟು ತಿಂಗಳಿಂದ ಆ ಬೆಂಚಿನ ಮೇಲೆ ಕೂಡುತ್ತಿದ್ದನಂತೆ. ಅಜ್ಜ ಹೇಳಿದ ಹಾಗೆ ಹೊಡೆದೆ. ತೆರೆಯಿತು.

ಮೇಡಂ ಮುಖ ಕೆಂಪಾಯಿತು. “ಅಜ್ಜಾ, ಇದು ನಿನಗ ಹೆಂಗ ಗೊತ್ತು?”

“ದಿನಾ ಮುಂಜಾನೆ ಬಂದು ನೀನ ಬಾಯಿಬಿಟ್ಟು ಓದಿ ಹೊಡಿತೀಯಲ್ಲವಾ. ಹೋದ ತಿಂಗಳ ಬದಲಿ ಮಾಡಿದ್ದೂ ನನಗ ಗೊತ್ತೈತಿ.”

ಮೇಡಂ ಅವತ್ತೇ ಅಜ್ಜನ ಕೆಲಸ ಮುಗಿಸಿ, ಕಾಗದ ಕೈಯಲ್ಲಿ ಕೊಟ್ಟು, ಇನ್ನು ಬರಬೇಡ ಎಂದು ಕೈಮುಗಿದು ಕಳಿಸಿದರು. ಎಂಟು ತಿಂಗಳ ಕೆಲಸ ಇಪ್ಪತ್ತು ನಿಮಿಷದಲ್ಲಿ ಆಯಿತು.

ಎರಡು ತಿಂಗಳ ಮೇಲೆ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಅಳು ಬಂದಿತ್ತು. “ಪಾಸ್‌ವರ್ಡ್ ಮರತೀನ್ರಿ. ಆ ಅಜ್ಜನ ಊರು ಯಾವ್ದು, ನಿಮಗೇನರ ಗೊತ್ತೈತೇನ್ರಿ?”

ಬಾಡಿಗಿ ಮನಿ

ಇರಕಲ್ಲಗಡದ ಹಾದಿಯಲ್ಲಿ ಒಂದು ಸಣ್ಣ ಕಚೇರಿಯಿದೆ. ಅಲ್ಲಿಯ ಸೆಕ್ರೆಟರಿ ಫೋನ್ ಮಾಡಿದರು. ನಿನ್ನೆತನಕ ಕಾಗದ ಫೋಲ್ಡರಿಗೆ ಹೋಗುತ್ತಿತ್ತು, ಇವತ್ತು ಹೋಗುತ್ತಿಲ್ಲ.

“ಕಂಪ್ಯೂಟರಿನ ಅಡ್ರೆಸ್ ನೋಡಿ ಹೇಳ್ರಿ” ಎಂದೆ.

“ಗುಡಿ ಎದುರಿಗೆ, ಹಿಟ್ಟಿನ ಗಿರಣಿ ಬಾಜೂಕ.”

“ಅದಲ್ರಿ. ಪ್ರತಿಯೊಂದು ಕಂಪ್ಯೂಟರಿಗೂ ನಂಬರಿನ ಅಡ್ರೆಸ್ ಇರ್ತೈತಿ. ಮಷೀನು ಅದನ್ನ ಹುಡುಕ್ಕೊಂಡು ಹೋಗಿ ಕಾಗದ ಕೊಡ್ತೈತಿ. ಕರೆಂಟ್ ಹೋಗಿ ಬಂದಾಗ ಆ ನಂಬರ್ ಬದಲಿ ಆಗಿರ್ತೈತಿ. ಮಷೀನು ಹಳೇ ಅಡ್ರೆಸ್ಸಿಗೇ ಹೋಗಿ ಬಾಗಲಾ ಬಡಿತಿರ್ತೈತಿ.”

“ಅಂದ್ರ ನಮ್ಮ ಕಂಪ್ಯೂಟರ್ ಬಾಡಿಗಿ ಮನ್ಯಾಗ ಐತೇನ್ರಿ?”

ಇಷ್ಟು ವರ್ಷ ನಾನು ಯಾರಿಗೂ ಇಷ್ಟು ಸರಿಯಾಗಿ ತಿಳಿಸಿ ಹೇಳಿರಲಿಲ್ಲ. “ಹೌದ್ರಿ, ಖರೇ ಹಂಗ!”

“ಪಾಪ. ಕರೆಂಟ್ ದಿನಕ್ಕ ನಾಕು ಸಲ ಹೋಗ್ತೈತಿ. ನಾಕು ಸಲ ಮನಿ ಬಿಡಬೇಕಲ್ರಿ ಅದು. ಒಂದು ಸ್ವಂತ ಮನಿ ಮಾಡಿ ಕೊಡ್ರಿ.”

ಮರುದಿನವೇ ಹೋಗಿ ನಂಬರು ಬದಲಾಗದ ಹಾಗೆ ಕಾಯಂ ಮಾಡಿ ಬಂದೆ. ನಾನು ವಾಪಸು ಬಸ್ ಹತ್ತಿ ಇನ್ನೂ ಟಿಕೆಟ್ ತಗೊಂಡಿರಲಿಲ್ಲ, ಫೋನ್ ಬಂತು.

“ಸರ, ಸ್ವಂತ ಮನಿ ಆತಲ್ರಿ, ಮನಿ ಶಾಂತಿ ಮಾಡಿದ್ವಿ. ಅದರ ಮುಂದ ಕಾಯಿ ಒಡದ್ವಿ.”

“ಛಲೋ ಆತ್ರಿ.”

“ಛಲೋ ಆತು ಖರೇ. ಕಾಯಿ ನೀರು ಕೀಬೋರ್ಡಿನೊಳಗ ಹೋಗೇತಿ. ಅದೇ ಬಸ್ಸಿನಿಂದ ಇಳದ ಬರ್ತೀರೇನು?”

ಅಣ್ಣ, ತಮ್ಮ

ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರದ ಇಬ್ಬರು ಅಣ್ಣತಮ್ಮಂದಿರು. ಪಾಲಾಗಿ ಮೂರು ತಿಂಗಳಾಗಿತ್ತು. ಕಚೇರಿಯ ನಡುವೆ ಗೋಡೆ ಎಬ್ಬಿಸಿದ್ದರು. ಜೆರಾಕ್ಸ್ ಮಷೀನನ್ನು ಮಾತ್ರ ಕೊಯ್ದು ಹಂಚಲು ಬರುವುದಿಲ್ಲವಲ್ಲ, ಅದು ಇದ್ದಲ್ಲೇ ಉಳಿದಿತ್ತು. ಹೀಗಾಗಿ ಗೋಡೆಯಲ್ಲಿ ಮಷೀನಿನಷ್ಟು ಅಗಲದ ಕಿಂಡಿ ಬಿಟ್ಟಿದ್ದರು. ಇಬ್ಬರಿಗೂ ಮಾತಿಲ್ಲ.

ನಾನು ಹೋಗಿ, “ಶೇರ್ ಫೋಲ್ಡರ್ ಮಾಡಿಬಿಡ್ತೀನ್ರಿ” ಎಂದೆ. ಅಣ್ಣ ಎದ್ದು ನಿಂತ.

“ಶೇರ್ ಮಾಡೂದೆಲ್ಲ ಮುಗದೈತ್ರಿ! ನಾಕು ಮಂದಿ ಹಿರೇರನ್ನ ಕುಂದರಿಸಿ ಹಂಚ್ಕೊಂಡೀವಿ. ಮತ್ತ ಏನ್ ಶೇರು?”

ಗೋಡೆಯಾಚೆಯಿಂದ ತಮ್ಮ, “ಅವನ ಕಾಗದ ನನ್ನ ಕಡೆ ಬರಬಾರದು ಅಂತ ಹೇಳ್ರಿ ಅವಗ.”

“ಇವನ ಕಾಗದ ಯಾರಿಗೆ ಬೇಕಾಗೇತಿ ಅಂತ ಕೇಳ್ರಿ ಇವನ್ನ.”

ನಡುವೆ ನಾನು. ಕೊನೆಗೆ ಮಷೀನಿನ ಪರದೆಯ ಮೇಲೆ ಎರಡು ಬಟನ್ ಮಾಡಿದೆ. ‘ಅಣ್ಣ’ ಒತ್ತಿದರೆ ಅಣ್ಣನ ಫೋಲ್ಡರಿಗೆ, ‘ತಮ್ಮ’ ಒತ್ತಿದರೆ ತಮ್ಮನದಕ್ಕೆ. ಇಬ್ಬರೂ ಒತ್ತಿ ನೋಡಿ ಒಪ್ಪಿದರು.

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅವರ ತಾಯಿ ಎದ್ದು ಬಂದರು. ಬೆಳಗಿನ ನಾಷ್ಟಾ ಹಿರಿಯ ಮಗನ ಮನೆಯಲ್ಲಿ, ಮಧ್ಯಾಹ್ನದ ಊಟ ಕಿರಿಯವನ ಮನೆಯಲ್ಲಿ ಅಂತ ಅವರನ್ನೂ ಹಂಚಿದ್ದರು.

“ನನ್ನ ಬಟನ್ ಎಲ್ಲೈತಪಾ?”

ಇಲ್ಲ ಎನ್ನಲು ಬಾಯಿ ಬರಲಿಲ್ಲ. ‘ಅವ್ವ’ ಅಂತ ಮೂರನೆಯದು ಮಾಡಿ, ಒತ್ತಿದರೆ ಇಬ್ಬರಿಗೂ ಹೋಗುವಂತೆ ಇಟ್ಟೆ.

“ಇದರಾಗ ಏನು ಇಡಬೇಕು?”

“ಏನಿಟ್ರೂ ಹೋಗ್ತೈತ್ರಿ ಅವ್ವಾರ.”

ತಾಯಿ ಮುಚ್ಚಳ ತೆಗೆದು, ಗಾಜಿನ ಮೇಲೆ ತಮ್ಮ ಬಲಗೈ ಅಗಲವಾಗಿ ಇಟ್ಟು ಬಟನ್ ಒತ್ತಿದರು. ಎರಡೂ ಕಂಪ್ಯೂಟರಿನಲ್ಲಿ ಬಳೆ ಸಮೇತ ಐದು ಬೆರಳು ಬಂದವು.

ಗೋಡೆಯಾಚೆಯಿಂದ, “ಅಣ್ಣಾ, ನಿನಗೂ ಬಂತೇನು?”

“ಬಂತೋ. ಏನಿದು?”

“ಕಪಾಳದ್ದು” ಎಂದರು ತಾಯಿ. “ಮಾತಾಡಲಿಲ್ಲಂದ್ರ ನಾಳೆ ಬಂದು ಖರೇನ ಕೊಡ್ತೀನಿ.”

ಒಂದು ತಿಂಗಳಾದ ಮೇಲೆ ಇಬ್ಬರೂ ಒಂದೇ ಫೋನಿನಿಂದ ನನಗೆ ಕರೆ ಮಾಡಿದರು. ದೂರು ಒಂದೇ: “ಸರ, ಆ ಮೂರನೇ ಬಟನ್ ತಗದಬಿಡ್ರಿ. ಈಗ ಎರಡೂ ಕೈ ಬರಾಕತ್ತಾವು.”

ಅನುಪಾಲನಾ ವರದಿ

ಕೊಪ್ಪಳದ ಒಂದು ದೊಡ್ಡ ಕಚೇರಿಯಲ್ಲಿ ನನಗೆ ಪರೀಕ್ಷೆ ಇತ್ತು. ಎಲ್ಲ ತಾಲೂಕಿನ ಕಚೇರಿಗಳಿಗೂ ಒಂದೇ ಫೋಲ್ಡರ್. ಕೊಪ್ಪಳದಲ್ಲಿ ಸ್ಕ್ಯಾನ್ ಮಾಡಿದ್ದು ಎಲ್ಲ ಕಡೆ ಆ ಕ್ಷಣಕ್ಕೆ ಕಾಣಬೇಕು. ಸಭೆಯಲ್ಲಿ ಸಾಹೇಬರ ಎದುರು ಮಾಡಿ ತೋರಿಸಿದರೆ ಅಷ್ಟೂ ಮಷೀನುಗಳ ಕೆಲಸ ನನಗೆ. ತಪ್ಪಿದರೆ ಬೇರೆ ಊರಿನಿಂದ ಬೇರೆಯವರು ಬರುತ್ತಾರೆ.

ನಾನು ಹಿಂದಿನ ದಿನವೇ ‘ಇದು ಪ್ರಾಯೋಗಿಕ ಪತ್ರ’ ಎಂದು ಅಚ್ಚುಕಟ್ಟಾಗಿ ಟೈಪ್ ಮಾಡಿ, ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಸಭೆಯಲ್ಲಿ ಮೂವತ್ತು ಜನ. ಗೋಡೆಯ ಮೇಲೆ ದೊಡ್ಡ ಪರದೆ. ಸಾಹೇಬರು, “ಎಲ್ಲಿ, ತೋರಿಸಿ” ಎಂದರು. ಕಿಸೆಯಿಂದ ಕಾಗದ ತೆಗೆದು, ಮಷೀನಿನ ಮೇಲೆ ಬೋರಲು ಇಟ್ಟು ಒತ್ತಿದೆ.

ಗೋಡೆಯ ಮೇಲೆ ನನ್ನ ಹೆಂಡತಿಯ ಅಕ್ಷರ ಮೂಡಿತು. ಮುಂಜಾನೆ ಅವಳು ಅದೇ ಕಿಸೆಗೆ ತುರುಕಿದ್ದ ಸಾಮಾನಿನ ಚೀಟಿ.

‘೧. ಉಳ್ಳಾಗಡ್ಡಿ ಎರಡು ಕಿಲೋ. ೨. ಸಾಬಾಣ. ೩. ನಿಮ್ಮ ಬನಿಯನ್ ಎರಡು. ಈ ಸಲ ದೊಡ್ಡ ಸೈಜ್ ತರ್ರಿ. ಅಂಗಡ್ಯಾಗ ಹೊಟ್ಟಿ ಒಳಗ ಎಳಕೊಂಡು ನಿಂದರಬ್ಯಾಡ್ರಿ. ೪. ಮರತು ಬಂದ್ರ ಬಾಗಲಾ ತಗಿಯಂಗಿಲ್ಲ.’

ಸಾಹೇಬರು ಕನ್ನಡಕ ಏರಿಸಿ ಪೂರ್ತಿ ಓದಿದರು. “ಅಕ್ಷರ ಸ್ಪಷ್ಟವಾಗಿ ಬಂದಿದೆ. ಇದು ಎಲ್ಲ ತಾಲೂಕಿಗೂ ಹೋಗಿದೆಯಾ?”

ಹಿಂದಿನ ಸಾಲಿನಲ್ಲಿ ಫೋನ್ ಹಿಡಿದಿದ್ದವರೊಬ್ಬರು, “ಹೋಗೇತ್ರಿ ಸರ. ಕುಷ್ಟಗ್ಯಾಗ ಎಲ್ಲಾರೂ ಕೂಡಿ ಓದಾಕತ್ತಾರ” ಎಂದರು.

ಅಳಿಸಲು ಓಡಿದೆ. ಅಳಿಸಲು ಬರುತ್ತಿರಲಿಲ್ಲ. ಸಾಹೇಬರ ಒಪ್ಪಿಗೆ ಇಲ್ಲದೆ ಈ ಫೋಲ್ಡರಿನಿಂದ ಯಾರೂ ಏನನ್ನೂ ತೆಗೆಯಬಾರದು ಎಂದು ಹಿಂದಿನ ದಿನ ನಾನೇ ಬಿಗಿ ಮಾಡಿದ್ದೆ.

“ಕೆಲಸ ನಿಮಗೇ ಕೊಟ್ಟಿದ್ದೇನೆ” ಎಂದರು ಸಾಹೇಬರು. “ಆದರೆ ನಾಲ್ಕನೇ ಅಂಶ ಗಂಭೀರವಾಗಿದೆ. ಕೂಡಲೇ ಕ್ರಮ ಕೈಗೊಳ್ಳಿ.” ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕು, ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹದಿನೈದು ದಿನದ ಮೇಲೆ ಆ ಕಚೇರಿಯ ಗುಮಾಸ್ತರ ಫೋನು. “ಸರ, ನಿಮ್ಮದೊಂದು ಬಾಕಿ ಉಳದೈತ್ರಿ. ಬನಿಯನ್ನಿಂದು.”

“ಚಾಷ್ಟಿ ಮಾಡಬ್ಯಾಡ್ರಿ.”

“ಚಾಷ್ಟಿ ಅಲ್ರಿ. ಕ್ರಮ ಕೈಗೊಳ್ಳಿ ಅಂತ ಸಾಹೇಬ್ರು ಅಂದಿದ್ದು ನಡಾವಳಿಯಾಗ ಬರದೀವಿ. ಏನ್ ಕ್ರಮ ತಗೊಂಡ್ರಿ ಅಂತ ನೀವು ಅನುಪಾಲನಾ ವರದಿ ಕೊಡಲಾರದ ಫೈಲ್ ಮುಚ್ಚಾಕ ಬರಂಗಿಲ್ಲ.”

ಮನೆಯಲ್ಲಿ ಕೂತು ವರದಿ ಬರೆದೆ. ‘ಮಾನ್ಯರೇ, ಪಟ್ಟಿಯಲ್ಲಿ ಸೂಚಿಸಿದಂತೆ ಎಲ್ಲ ಸಾಮಾನುಗಳನ್ನು ತಂದಿರುತ್ತೇನೆ.’ ಹಿಂದೆ ನಿಂತು ಓದುತ್ತಿದ್ದ ಹೆಂಡತಿ ಪೆನ್ನು ಕಸಿದುಕೊಂಡಳು.

“ಸರಕಾರಕ್ಕ ಸುಳ್ಳು ಬರದು ಕೊಡ್ತೀರೇನು?” ಎಂದವಳೇ ಕೆಳಗೆ ಷರಾ ಬರೆದಳು. ‘ಖುದ್ದಾಗಿ ಪರಿಶೀಲಿಸಿದೆ. ಬನಿಯನ್ ಮತ್ತೆ ಸಣ್ಣ ಸೈಜೇ ತಂದಿರುತ್ತಾರೆ. ಅಂಗಡಿಯವರನ್ನು ವಿಚಾರಿಸಲಾಗಿ, ಹೊಟ್ಟೆ ಒಳಗೆ ಎಳೆದುಕೊಂಡೇ ನಿಂತಿದ್ದರೆಂದು ತಿಳಿದುಬಂದಿದೆ.’ ತಾರೀಖು ಹಾಕಿ ಸಹಿ ಮಾಡಿದಳು.

ಅವಳು ಸಹಿ ಮಾಡಿದ ಕಾಗದ ಹರಿಯುವಷ್ಟು ಧೈರ್ಯ ನನಗಿಲ್ಲ. ಹಾಗೇ ಸ್ಕ್ಯಾನ್ ಮಾಡಿ ಫೋಲ್ಡರಿಗೆ ಹಾಕಿದೆ.

ಮರುದಿನ ಗುಮಾಸ್ತರು ಫೋನ್ ಮಾಡಿದರು. “ವರದಿ ಮುಟ್ಟೇತ್ರಿ. ಸಾಹೇಬ್ರು ಓದಿ, ಎಲ್ಲ ತಾಲೂಕಿಗೂ ಒಂದು ಸುತ್ತೋಲೆ ಕಳಸ್ಯಾರ.”

“ಏನಂತ್ರಿ?”

“‘ಕಚೇರಿಯಲ್ಲಿ ಕುಳಿತು ವರದಿ ಬರೆಯುವುದನ್ನು ಬಿಟ್ಟು, ಎಲ್ಲ ಅಧಿಕಾರಿಗಳೂ ಈ ಹೆಣ್ಣುಮಗಳಂತೆ ಸ್ಥಳಕ್ಕೆ ಹೋಗಿ ಪರಿಶೀಲಿಸತಕ್ಕದ್ದು. ಮಾದರಿಗಾಗಿ ಬನಿಯನ್ ವರದಿಯ ಪ್ರತಿ ಲಗತ್ತಿಸಿದೆ.’”