ಭಾವನ ಜೋಡಿ ಹೆಸರು

ಸಿಡ್ನಿಯಲ್ಲಿ ದಾರಿ ತಪ್ಪಬೇಕೆಂಬ ಆಸೆ ನಿಮಗಿದ್ದರೆ ನಮ್ಮ ಭಾವನನ್ನು ಕೇಳಿ. ಅಕ್ಕನ ಕೈಹಿಡಿದ ಈ ಉಡುಪಿಯ ಮಹಾನುಭಾವರಿಗೆ ಯಾವ ಜಾಗಕ್ಕೂ ಒಂದೇ ಹೆಸರು ಸಾಲದು!

ರೋಗ ಹತ್ತಿದ್ದು ಹಾರ್ಬರಿನಲ್ಲಿ. ಅಲ್ಲಿನ ಕೆಲವು ಜಾಗಗಳಿಗೆ ಸರ್ಕಾರ ಇಂಗ್ಲಿಷ್ ಹೆಸರಿನ ಜೊತೆ ಮೂಲನಿವಾಸಿಗಳ ಹಳೆಯ ಹೆಸರನ್ನೂ ಸೇರಿಸಿತ್ತು. ಡಾಸ್ ಪಾಯಿಂಟಿನ ಬೋರ್ಡಿನಲ್ಲಿ ‘ತಾರ್-ರಾ’ ಎಂದೂ ಕಂಡದ್ದೇ ತಡ, ಕ್ಯಾಮೆರಾ ಹಿಡಿದಿದ್ದ ಅಕ್ಕನನ್ನು ಭಾವ ತಡೆದರು.

“ನಿಲ್ಲು ಮಾರಾಯ್ತಿ! ಮೊದಲು ಹೆಸರು ಸರಿಯಾಗಿ ಹೇಳು, ಮತ್ತೆ ಫೋಟೊ.”

ಅವಳ ‘ರಾ’ ಸರಿಹೋಗುವಷ್ಟರಲ್ಲಿ ನಮ್ಮ ಫೆರಿ ಹೊರಟುಹೋಗಿತ್ತು.

ಸರ್ಕಾರ ಕೊಟ್ಟಿದ್ದು ಕೆಲವಕ್ಕೆ ಮಾತ್ರ. ಭಾವ ಸುಮ್ಮನಿರುತ್ತಾರೆಯೇ? ಲೈಬ್ರರಿಯ ಪುಸ್ತಕಗಳನ್ನು ಹೊತ್ತು ತಂದು ಉಳಿದವುಗಳ ನಾಮಕರಣಕ್ಕೆ ತಾವೇ ನಿಂತರು. ಮೆಲ್ಬರ್ನಿಗೆ ಹೋದಾಗ ಟ್ಯಾಕ್ಸಿ ಹತ್ತಿ, “ಬಿರ್ರಾರಂಗ್ ನದಿ ಹತ್ತಿರ ಬಿಡಿ” ಎಂದರು. ಪಂಜಾಬಿ ಡ್ರೈವರ್ ತಲೆ ಕೆರೆದುಕೊಂಡ.

“ಅಂಕಲ್, ಸಬರ್ಬ್ ಬೋಲೋ!”

ಭಾವ ಜಗ್ಗಲಿಲ್ಲ. ಕೊನೆಗೆ ಹಿಂದಿನ ಸೀಟಿನಿಂದ ಅಕ್ಕ ಮೆಲ್ಲಗೆ “ಯಾರಾ ರಿವರ್” ಎಂದಳು. ಅಷ್ಟಕ್ಕೇ ಸಿಡ್ನಿ ಮುಟ್ಟುವ ತನಕ ಭಾವ ಅವಳೊಡನೆ ಮಾತು ಬಿಟ್ಟರು. ನಮ್ಮೆಲ್ಲರ ಪ್ರವಾಸ ಸುಖವಾಗಿ ನಡೆಯಿತು!

ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯ ಒಂದು ಗೃಹಪ್ರವೇಶದಲ್ಲಿ ಹಾಲು ಉಕ್ಕುವ ಹೊತ್ತಿಗೇ, “ಈ ನೆಲ ನಿಜವಾಗಿ ಯಾರದ್ದು ಗೊತ್ತುಂಟಾ?” ಎಂದು ಭಾವ ಗುಡುಗಿದರು.

“ಬ್ಯಾಂಕಿಂದು ಅಂಕಲ್,” ಎಂದ ಮನೆಯ ಯಜಮಾನ.

ತಮಾಷೆ ಏನು ಗೊತ್ತೇ? ಇಷ್ಟು ಹೆಸರು ಬಾಯಿಪಾಠ ಮಾಡಿದ ಭಾವ ಒಬ್ಬನೇ ಒಬ್ಬ ಮೂಲನಿವಾಸಿಯನ್ನೂ ಮಾತನಾಡಿಸಿದ್ದನ್ನು ನಾನು ಕಾಣೆ. ಹೆಸರುಗಳ ಮೇಲೆ ಪ್ರೀತಿ. ಹೆಸರಿಟ್ಟವರು ಯಾವ ರೈಲಿನಲ್ಲಿ ಓಡಾಡುತ್ತಾರೆಂಬ ವಿಚಾರಣೆ ಇಲ್ಲ. ನಮ್ಮವರ ಅಭಿಮಾನವೆಂದರೆ ಹೀಗೇ!

ಈ ನಡುವೆ ಊರಿನಲ್ಲಿ ಭಾವನ ತಾಯಿ ತೀರಿಕೊಂಡರು. ವೀಸಾದ ತೊಡಕಿನಿಂದ ಭಾವನಿಗೆ ಹೋಗಲಾಗಲಿಲ್ಲ. ಕೊಳ್ಳಿ ಇಟ್ಟದ್ದು ಅವರ ತಮ್ಮ. ವರ್ಷದ ತಿಥಿಗಾದರೂ ಅಮ್ಮನಿಗೆ ತಾವೇ ಕೈಯಾರೆ ಎಳ್ಳುನೀರು ಬಿಡಬೇಕೆಂದು ಭಾವ ಗಿರಾವೀನ್‌ನ ಮನೆಯಿಂದ ನನ್ನನ್ನೂ ಹೊರಡಿಸಿಕೊಂಡು ಪ್ಯಾರಮಟ್ಟ ನದಿಗೆ ಬಂದರು. ಸಂಕಲ್ಪದಲ್ಲಿ ನದಿಯ ಹೆಸರು ಹೇಳಬೇಕಲ್ಲ? ಊರಿನ ಭಟ್ಟರು ಫೋನಿನಲ್ಲಿ, “ಗೋದಾವರಿಯ ದಕ್ಷಿಣ ತೀರ ಅಂತಲೇ ಹೇಳಿ. ನೀವಿರುವುದು ದಕ್ಷಿಣಕ್ಕೇ ಅಲ್ವಾ? ಸ್ವಲ್ಪ ಜಾಸ್ತಿ ದಕ್ಷಿಣ, ಅಷ್ಟೆ!” ಎಂದಿದ್ದರಂತೆ.

“ಅದು ಹೇಗೆ ಮಾರಾಯ?” ಭಾವ ನನ್ನ ಮೇಲೆ ರೇಗಿದರು. “ಅಡ್ರೆಸ್ಸೇ ತಪ್ಪಿದರೆ ಅಮ್ಮನಿಗೆ ನೀರು ಮುಟ್ಟುವುದು ಹೇಗೆ?”

ಕೊನೆಗೆ ಪ್ಯಾರಮಟ್ಟದ ಹಳೆಯ ಹೆಸರು ಹಿಡಿದು ‘ಬರ್ರಮಟ್ಟಾ ನದೀತೀರೇ’ ಎಂದೇ ಸಂಕಲ್ಪವಾಯಿತು. ಪಂಚೆ ಎತ್ತಿ ಕಟ್ಟಿ ನೀರಿಗಿಳಿದ ಭಾವನನ್ನು ದಡದಲ್ಲಿ ಗಾಳ ಹಾಕಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು, “ಏನು ಮಾಡ್ತಿದ್ದೀಯ, ಲವ್?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭಾವ ವಿವರಿಸಿದರು: ಇದು ಸತ್ತವರಿಗೆ ಬಿಡುವ ನೀರು. ಅಮ್ಮನದಾಯಿತು, ಇನ್ನೊಂದು ಬೊಗಸೆ ಈ ನದಿಗೆ ಹೆಸರಿಟ್ಟ, ಈಗಿಲ್ಲದ ಮೂಲನಿವಾಸಿಗಳಿಗೆ.

“ನಾವಿನ್ನೂ ಸತ್ತಿಲ್ಲ, ಲವ್!” ಆಕೆ ಗಹಗಹಿಸಿದರು. “ನಾನು ಬೆಳಗ್ಗೆ ತಾನೇ ಮೌಂಟ್ ಡ್ರೂಯಿಟ್‌ನಿಂದ ಟ್ರೇನಲ್ಲಿ ಬಂದೆ!”

ಬದುಕಿರುವವರಿಗೆ ಎಳ್ಳುನೀರು! ಶಿವ ಶಿವಾ! ಭಾವನ ಬೊಗಸೆಯ ನೀರು ಅಲ್ಲೇ ಸೋರಿಹೋಯಿತು. ನಾನು ನಗು ತಡೆಯಲಾರದೆ ಆಚೆ ತಿರುಗಿದೆ.

ಆಕೆ ನಗು ನಿಲ್ಲಿಸಿ ಕೇಳಿದರು: “ನಿನ್ನ ಅಮ್ಮನ ಹೆಸರೇನು?”

ಈ ದೇಶದಲ್ಲಿ ಭಾವನನ್ನು ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿರಲಿಲ್ಲ.

“ವಾರಿಜಾಕ್ಷಿ.”

“ವಾರಿ... ವಾರಿಜಾ... ತಾಳು, ಇನ್ನೊಮ್ಮೆ ಹೇಳು.”

ಭಾವ ಹೇಳಿದರು. ಆಕೆ ತಪ್ಪಿದರು. ಮತ್ತೆ ಹೇಳಿದರು. ಪೂರ್ತಿ ಬರುವ ತನಕ ಆಕೆ ಬಿಡಲಿಲ್ಲ. ಬಂದ ಮೇಲೆ ನೀರಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು, “ವಾರಿಜಾಕ್ಷಿ! ನಿನ್ನ ಮಗ ಇಲ್ಲಿದ್ದಾನೆ!”

ಊರಿನಿಂದ ಫೋನ್ ಬಂದ ದಿನವೂ ಅಳದಿದ್ದ ಭಾವ ಮೊಣಕಾಲುದ್ದ ನೀರಿನಲ್ಲಿ ನಿಂತು ಚಿಕ್ಕ ಮಗುವಿನಂತೆ ಅತ್ತರು. ನಾನು ಬೂಟು ಕಳಚದೆಯೇ ನೀರಿಗಿಳಿದು ಅವರ ಕೈ ಹಿಡಿದುಕೊಂಡೆ.