ರಕ್ತಕ್ಕೆ ಸುಳ್ಳು ಕಲಿಸಿದ ಬೇಕರಿಯವರು

ನಲವತ್ತು ವರ್ಷ ಊರಿಗೆಲ್ಲ ಬ್ರೆಡ್ಡು ಬೇಯಿಸಿಕೊಟ್ಟ ತಮಗೇ ಗೋಧಿ ಆಗಿಬರುವುದಿಲ್ಲ ಎಂದರೆ ಬೇಕರಿಯವರಿಗೆ ಮೈ ಉರಿಯದೆ ಇರುತ್ತದೆಯೇ? ಹಾಗೆಂದದ್ದು ಡಾಕ್ಟರು. ವರ್ಷದಿಂದ ಹೊಟ್ಟೆ ಗುಡುಗುಡು, ಪ್ಯಾಂಟು ಬರೀ ಬೆಲ್ಟಿನ ಕೃಪೆಯಲ್ಲಿ ನಿಂತಿತ್ತು.

"ಸೀಲಿಯಾಕ್ ಕಾಯಿಲೆ ಇರಬಹುದು. ಇದ್ದರೆ ಜೀವನಪೂರ್ತಿ ಗೋಧಿ ಬಂದ್. ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಮಾತ್ರ ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ರಕ್ತದಲ್ಲಿ ಕಾಣಿಸದೆ ಹೋಗಬಹುದು."

ಬೇಕರಿಯವರ ಕಿವಿ ನೆಟ್ಟಗಾಯಿತು. ಶೀತ, ಕೆಮ್ಮು, ಅಂಗಡಿ ಕೆಲಸ ಎಂದು ನೆಪ ಹೇಳಿ ಪರೀಕ್ಷೆಯನ್ನು ಮೂರು ತಿಂಗಳು ಮುಂದೂಡಿದರು. ಹೆಂಡತಿ ಬೆನ್ನು ತಿರುಗಿಸಿದೊಡನೆ ತಟ್ಟೆಯ ಬ್ರೆಡ್ಡು ಜೇಬಿಗಿಳಿಯುತ್ತಿತ್ತು, ಜೇಬಿನಿಂದ ಕೆರೆಯ ಬಾತುಗಳಿಗೆ. (ಬ್ರೆಡ್ಡು ಉಳಿಸಿಕೊಳ್ಳಲು ಬ್ರೆಡ್ಡನ್ನೇ ಬಿಟ್ಟ ಮಹಾತ್ಯಾಗಿ.)

ಬಿಡುವುದೇನು ಸುಲಭವೇ? ಅಪ್ಪನ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದ ದಿನಗಳಲ್ಲಿ ಸಂಜೆ ಐದಕ್ಕೆ ಎರಡು ಜಡೆಯ ಹುಡುಗಿಯೊಬ್ಬಳು ಬಂದು, "ಬಿಸಿಯದೇ ಕೊಡಿ" ಎನ್ನುತ್ತಿದ್ದಳು. ಕೊಂಡು ಹೋಗುವಾಗ ದಾರಿಯಲ್ಲೇ ಒಂದು ಮೂಲೆ ಮುರಿದು ತಿನ್ನುತ್ತಿದ್ದಳು. ಅದನ್ನು ನೋಡಲೆಂದೇ ಇವರು ಬಾಗಿಲವರೆಗೆ ಬರುತ್ತಿದ್ದರು. ಅವಳು ಮನೆಯೊಡತಿಯಾಗಿ ಮೂವತ್ತೆರಡು ವರ್ಷ. ಈಗಲೂ ಬೆಳಗ್ಗೆ ಇಬ್ಬರೂ ಎದುರುಬದುರು ಕೂತು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುವುದು. ಅದೇ ನಿಂತರೆ ಕೂರುವುದಕ್ಕೆ ಕಾರಣವೇ ಇರದು ಎಂಬ ಭಯ ಅವರಿಗೆ.

ಕೊನೆಗೆ ಪರೀಕ್ಷೆಯಾಗಿ ರಿಪೋರ್ಟು ಬಂತು: ಏನೂ ಇಲ್ಲ. ಬೇಕರಿಯವರು ಮೀಸೆ ತಿರುವಿದರು. ಡಾಕ್ಟರು ತೂಕ ನೋಡಿದರು.

"ನಾಲ್ಕು ಕೆಜಿ ಹೆಚ್ಚಾಗಿದ್ದೀರಿ. ಹೊಟ್ಟೆ ಹೇಗಿದೆ?"

"ಹೂವಿನ ಹಾಗಿದೆ."

"ಏನು ಬಿಟ್ಟಿದ್ರಿ?"

ಬೇಕರಿಯವರ ಕೈ ಜೇಬನ್ನು ಮುಚ್ಚಿಕೊಂಡಿತು. "ಅದಕ್ಕೇ ಒಗೆಯೋ ಅಂಗಿಗಳ ಜೇಬಲ್ಲೆಲ್ಲ ಬ್ರೆಡ್ಡಿನ ಪುಡಿ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ತಣ್ಣಗೆ.

ಡಾಕ್ಟರು ಹೊಸ ಚೀಟಿ ಬರೆದರು: ಆರು ವಾರ ದಿನಾ ಬ್ರೆಡ್ಡು, ಆಮೇಲೆ ಮತ್ತೆ ರಕ್ತ ಪರೀಕ್ಷೆ. ನಾಲ್ಕನೇ ದಿನಕ್ಕೇ ಹೊಟ್ಟೆ ಡೋಲು ಬಾರಿಸಿತು.

"ಸಾಕು ಕಣೆ. ಕಾಯಿಲೆ ಇದೆ ಅಂತ ನಾನೇ ಒಪ್ಕೊಂಡಿದ್ದೀನಲ್ಲ, ಮತ್ತೆ ರಕ್ತ ಯಾಕೆ?"

"ನಿಮ್ಮ ರಕ್ತಾನೂ ನಿಮ್ಮ ಹಾಗೇ. ಎದುರಿಗೆ ಕೂತು ತಿನ್ನಿಸಿದ್ರೇನೇ ನಿಜ ಹೇಳೋದು. ತಿನ್ನಿ."

"ಆರು ವಾರ ಆದ್ಮೇಲೆ?"

"ಆಮೇಲೆ ಬರೀ ಚಹಾ. ಆಗಲೂ ನಾನು ಇಲ್ಲೇ ಕೂತಿರ್ತೀನಿ. ನಿಮ್ಮನ್ನ ಒಬ್ಬರನ್ನೇ ಬಿಡೋಷ್ಟು ನಂಬಿಕೆ ಈ ಜನ್ಮದಲ್ಲಿ ಬರಲ್ಲ."

ಬೇಕರಿಯವರಿಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗಿನಲ್ಲೇ ಮೂಗು ಹಿಡಿದುಕೊಂಡು, ತಾವೇ ಬೇಯಿಸಿದ ಬ್ರೆಡ್ಡನ್ನು ಕಹಿ ಔಷಧಿಯಂತೆ ನುಂಗಿದರು.